ಡೆಮೊದಲ್ಲಿದ್ದ ಜೀವ ಸ್ಟುಡಿಯೋ ರೆಕಾರ್ಡಿಂಗ್‌ನಲ್ಲಿ ಇಲ್ಲ. ಡ್ರಮ್ಸ್ ಮತ್ತೆ ಹೊಡೀಬೇಕಾ?

ನಾಲ್ಕನೇ ಪೆಟ್ಟು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ತಾಳ್ಮೆ ಇದ್ದವರು ಓದಿ.

ನಮ್ಮದು ನಾಲ್ಕು ಜನರ ರಾಕ್ ಬ್ಯಾಂಡ್. ನಾನು ಡ್ರಮ್ಸ್. ಈಗ ಎರಡನೇ ಆಲ್ಬಂ ನಡೀತಿದೆ, ಒಂಬತ್ತು ಹಾಡು. ಮೊದಲನೆಯದನ್ನು ಪ್ರಾಕ್ಟೀಸ್ ಕೋಣೆಯಲ್ಲಿ ಎರಡು ಮೈಕ್ ನಿಲ್ಲಿಸಿ ಮುಗಿಸಿದ್ದೆವು. ಅದರ ಸುದ್ದಿ ಬೇಡ. ಈ ಸಲವಾದರೂ ನೆಟ್ಟಗೆ ಮಾಡೋಣ ಅಂತ ಸ್ಟುಡಿಯೋಗೆ ಹೋದೆವು. ಮೂರು ದಿನ ನಾನೊಬ್ಬನೇ ಡ್ರಮ್ಸ್ ಹೊಡೆದೆ. ಆಮೇಲೆ ಬೇಸ್, ಆಮೇಲೆ ಗಿಟಾರ್, ಕೊನೆಗೆ ಹಾಡಿದ್ದು. ಎಲ್ಲ ಕ್ಲಿಕ್‌ಗೆ, ಅಂದರೆ ಹೆಡ್‌ಫೋನ್‌ನಲ್ಲಿ ಒಂದೇ ವೇಗಕ್ಕೆ ಟಿಕ್ ಟಿಕ್ ಅನ್ನುವ ತಾಳಕ್ಕೆ.

ಹೋದ ವಾರ ರಫ್ ಮಿಕ್ಸ್ (ಎಲ್ಲವನ್ನೂ ಸೇರಿಸಿದ ಕಚ್ಚಾ ರೂಪ) ಬಂತು. ಒಂದು ತಪ್ಪು ಹುಡುಕಿದರೂ ಸಿಗಲ್ಲ. ಸ್ನೇರ್ ದಪ್ಪಗಿದೆ, ಗಿಟಾರ್ ಎರಡೂ ಕಡೆಯಿಂದ ಗೋಡೆ ಥರ ಬರುತ್ತದೆ. ಒಂಬತ್ತೂ ಹಾಡು ಮುಗಿಯಿತು. ನಾಲ್ಕೂ ಜನ ಸುಮ್ನೆ ಕೂತಿದ್ದೆವು. ಯಾರೂ "ಇನ್ನೊಂದು ಸಲ ಹಾಕು" ಅನ್ನಲಿಲ್ಲ. ಹೊಸ ಮಿಕ್ಸ್ ಬಂದ ದಿನ ಯಾರೂ ಇನ್ನೊಂದು ಸಲ ಕೇಳಬೇಕು ಅನ್ನಲಿಲ್ಲ ಅಂದರೆ ಏನೋ ಕೆಟ್ಟಿದೆ ಅಂತಲೇ ಅರ್ಥ, ಅಲ್ವಾ?

ಆಗ ಗಿಟಾರ್‌ನವನು ಫೋನ್ ತೆಗೆದು ಮೂರನೇ ಹಾಡಿನ ಹಳೇ ಡೆಮೊ ಹಾಕಿದ. ಹತ್ತು ತಿಂಗಳ ಹಿಂದೆ ಪ್ರಾಕ್ಟೀಸ್ ಮಾಡುವಾಗ ಫೋನ್‌ನಲ್ಲೇ ಹಿಡಿದದ್ದು. ಬೇಸ್ ಕೇಳೋದೇ ಇಲ್ಲ. ನನ್ನ ಸಿಂಬಲ್ ಎಲ್ಲವನ್ನೂ ನುಂಗಿ ಹಾಕಿದೆ. ಬ್ರಿಡ್ಜ್‌ನಲ್ಲಿ ಯಾರೋ ಕೆಮ್ಮುತ್ತಾರೆ. ಆದರೆ ಕೊನೆಯ ಕೋರಸ್ ಬಂದಾಗ ಮೈ ಜುಂ ಅಂದುಬಿಟ್ಟಿತು.

ಮನೆಗೆ ಬಂದು ಆ ಡೆಮೊದ ವೇಗ ಅಳೆದೆ. ವರ್ಸ್ 138 ಬಿಪಿಎಂ (ನಿಮಿಷಕ್ಕೆ ಅಷ್ಟು ಬೀಟ್). ಕೋರಸ್ 142. ಬ್ರಿಡ್ಜ್‌ನಲ್ಲಿ 135ಕ್ಕೆ ಇಳಿದು, ಕೊನೆಯ ಕೋರಸ್‌ನಲ್ಲಿ 146. ಸ್ಟುಡಿಯೋದಲ್ಲಿ ಮೊದಲಿಂದ ಕೊನೆ ತನಕ 138. ಆ ನಂಬರ್ ಕೊಟ್ಟವನು ನಾನೇ, ಬೇರೆ ಯಾರನ್ನೂ ಬಯ್ಯುವ ಹಾಗಿಲ್ಲ.

ಇನ್ನೆರಡು ಸಣ್ಣ ತಲೆನೋವು. ಆರನೇ ಹಾಡು ನಿಧಾನದ್ದು. ಅದರ ಕೊನೆಯಲ್ಲಿ ಒಂದೇ ಒಂದು ಸಿಂಬಲ್ ಹೊಡೆದು ಸದ್ದು ಪೂರ್ತಿ ಇಳಿಯುವ ತನಕ ಬಿಟ್ಟಿದ್ದೇನೆ. ಆ ಇಳಿಯುವ ಸದ್ದಿನ ಕೆಳಗೆ ಟಿಕ್ ಟಿಕ್ ಟಿಕ್ ಅಂತ ಕ್ಲಿಕ್ ಕೇಳುತ್ತದೆ. ನನ್ನ ಹೆಡ್‌ಫೋನ್‌ನಿಂದ ಸೋರಿ ಕಿಟ್ ಮೇಲೆ ತೂಗುವ ಓವರ್‌ಹೆಡ್ ಮೈಕ್‌ಗೆ ಹೋಗಿದೆ. ಗಡಿಯಾರದ ಅಂಗಡಿಯಲ್ಲಿ ಹಾಡು ಮುಗಿಸಿದ ಹಾಗಿದೆ. ಅದೇ ಹಾಡಿನಲ್ಲಿ ಕಿಕ್ ಪೆಡಲ್ ಕಿರ್ರ್ ಅನ್ನುತ್ತದೆ, ಪ್ರತಿ ಪೆಟ್ಟಿಗೂ.

ಈಗ ಬ್ಯಾಂಡ್ ಮೂರು ಪಕ್ಷ ಆಗಿದೆ. ಹಾಡುವವನು "ಅಮೆರಿಕದ ರಾಕ್ ಗಾಯಕ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಕ್ಯಾಸೆಟ್ ಡೆಮೊನೇ ಆಲ್ಬಂ ಮಾಡಿ ಬಿಟ್ಟ, ನಾವೂ ಡೆಮೊನೇ ಬಿಡೋಣ" ಅಂತಾನೆ. ಬೇಸ್‌ನವನು "ಇದೇ ಸಾಕು, ತಾರೀಖು ಹೇಳಿ ಆಗಿದೆ, ಮುಗಿಸಿ" ಅಂತಾನೆ. ಹೌದು, ಕೊನೆಯ ಶೋನಲ್ಲಿ ಮೈಕ್ ಹಿಡಿದು ತಾರೀಖು ಹೇಳಿಬಿಟ್ಟಿದ್ದೇವೆ, ಇನ್ನು ಹತ್ತು ವಾರ ಇದೆ. ನಾನು ಮತ್ತು ಗಿಟಾರ್‌ನವನು ಡ್ರಮ್ಸ್ ಮತ್ತೆ ಹೊಡೀಬೇಕು ಅಂತಿದ್ದೇವೆ. ಒಂಬತ್ತೂ ಹಾಡಿಗಾ? ಕ್ಲಿಕ್ ಇಲ್ಲದೇನಾ? ಇದನ್ನೆಲ್ಲ ದಾಟಿ ಬಂದವರು ಯಾರಾದರೂ ಇದ್ದರೆ ಹೇಳಿ. ಹಾಗೇ, ಎಲ್ಲ ಹಾಡು ಒಟ್ಟಿಗೆ ಬಿಡೋದಾ, ಒಂದೊಂದೇ ಬಿಡೋದಾ ಅನ್ನೋದೂ ತೀರ್ಮಾನ ಆಗಿಲ್ಲ.

ಹಳೇ ಟೇಪು:

ತಮ್ಮಾ, ಮೊದಲು ಒಂದು ಪರೀಕ್ಷೆ ಮಾಡು. ಆಮೇಲೆ ಡ್ರಮ್ಸ್ ಮಾತು.

ಫೋನ್ ತನ್ನಷ್ಟಕ್ಕೆ ಸದ್ದನ್ನು ಅದುಮುತ್ತದೆ. ಸಣ್ಣ ಸದ್ದನ್ನು ಎತ್ತುತ್ತದೆ, ದೊಡ್ಡದನ್ನು ತಗ್ಗಿಸುತ್ತದೆ. ಅದಕ್ಕೇ ಆ ಡೆಮೊ ಎದೆಗೆ ಗುದ್ದಿದ ಹಾಗೆ ಕೇಳುವುದು. ನಿನ್ನ ರಫ್ ಮಿಕ್ಸ್ ಇನ್ನೂ ಮಾಸ್ಟರ್ ಆಗಿಲ್ಲ (ಬಿಡುಗಡೆಗೆ ಮುಂಚೆ ಸದ್ದನ್ನು ಹದ ಮಾಡುವ ಕೊನೆಯ ಕೆಲಸ), ಅದು ಮೆತ್ತಗಿದೆ. ಎರಡು ಹಾಡಲ್ಲಿ ಯಾವುದು ಚೂರು ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಕಿವಿ ಹೇಳುತ್ತದೆ. ನಲವತ್ತು ವರ್ಷ ಮಿಕ್ಸ್ ಮಾಡಿದವರ ಕಿವಿಯೂ ಅದನ್ನೇ ಹೇಳುತ್ತದೆ. ಎರಡನ್ನೂ ಒಂದೇ ಜೋರಿಗೆ ತಂದು, ರಾತ್ರಿ ಬಿಟ್ಟು ಬೆಳಿಗ್ಗೆ, ಪಕ್ಕದ ಕೋಣೆಯಲ್ಲಿ ಕೂತು ಬಾಗಿಲು ತೆರೆದು ಕೇಳು. ಒಂಬತ್ತೂ ಹಾಡು. ಎಲ್ಲಿ ಡೆಮೊ ಗೆಲ್ಲುತ್ತದೋ ಅಲ್ಲಿ ಗೀಟು ಹಾಕು. ಹತ್ತು ತಿಂಗಳು ಡೆಮೊ ಕೇಳಿ ಕೇಳಿ ಅದರ ತಪ್ಪೂ ಹಾಡಿನ ಭಾಗ ಅನ್ನಿಸಿರುತ್ತದೆ. ಆ ರೋಗಕ್ಕೆ ಬೇರೆ ಮದ್ದಿಲ್ಲ.

ಹಾಡುವವನಿಗೆ ಸ್ಪ್ರಿಂಗ್‌ಸ್ಟೀನ್ ಕಥೆ ಪೂರ್ತಿ ಹೇಳು. ಅಲ್ಲಿ ಇದ್ದದ್ದು ಒಬ್ಬ ಮನುಷ್ಯ, ಗಿಟಾರ್, ಹಾರ್ಮೋನಿಕಾ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಮೆಷಿನ್. ಬ್ಯಾಂಡ್ ಜೊತೆ ಸ್ಟುಡಿಯೋದಲ್ಲೂ ಬಾರಿಸಿ ನೋಡಿದ್ದರು, ಒಗ್ಗಲಿಲ್ಲ, ಅದಕ್ಕೇ ಕ್ಯಾಸೆಟ್‌ಗೆ ವಾಪಸ್ ಬಂದದ್ದು. ಆ ಕ್ಯಾಸೆಟ್ಟನ್ನು ಎಲ್‌ಪಿಗೆ ಇಳಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ನಿಮ್ಮ ಡೆಮೊದಲ್ಲಿ ಬೇಸೇ ಇಲ್ಲ ಅಂತ ನೀನೇ ಬರೆದಿದ್ದೀಯ. ಬೇಸ್‌ನವನು ಒಪ್ಪುತ್ತಾನಾ?

ಈಗ ಕ್ಲಿಕ್. ಎಲ್ಲರೂ ಅದನ್ನೇ ಬಯ್ಯುತ್ತಾರೆ. ನಾನು ಬಯ್ಯಲ್ಲ. ನಿನ್ನ ಪೋಸ್ಟ್‌ನಲ್ಲಿ ನನಗೆ ಕುಟುಕಿದ ಮಾತು ಬೇರೆ: "ಮೂರು ದಿನ ನಾನೊಬ್ಬನೇ". ಹೊಡೆಯುವಾಗ ಯಾರ ಮುಖ ನೋಡುತ್ತಿದ್ದೆ? ಗಾಜಿನ ಆಚೆ ಕೂತ ಇಂಜಿನಿಯರ್‌ದಾ? ಪ್ರಾಕ್ಟೀಸ್‌ನಲ್ಲಿ ನೀನು 142ಕ್ಕೆ ಏರುವುದು ಗಿಟಾರ್‌ನವನು ಕೋರಸ್‌ಗೆ ಮುಂಚೆ ಮುಂದಕ್ಕೆ ಬಾಗುತ್ತಾನೆ ಅಂತ. ಹಾಡುವವನು ಉಸಿರು ಎಳೆಯುವುದನ್ನು ನೋಡಿ ಬ್ರಿಡ್ಜ್‌ನಲ್ಲಿ ತಡೆಯುತ್ತೀಯ. ಕ್ಲಿಕ್ ಇಲ್ಲದೆ ಒಬ್ಬನೇ ಕೂತರೂ ಅದೆಲ್ಲ ಬರಲ್ಲ. ಬರೀ ವೇಗ ಓಲಾಡುತ್ತದೆ, ಅಷ್ಟೇ.

ಗೀಟು ಬಿದ್ದ ಹಾಡುಗಳನ್ನು ಮಾತ್ರ ಮತ್ತೆ ಮಾಡಿ. ನಾಲ್ವರೂ ಒಂದೇ ಕೋಣೆಯಲ್ಲಿ, ಒಬ್ಬರಿಗೊಬ್ಬರು ಕಾಣುವ ಹಾಗೆ ನಿಲ್ಲಿ. ಗಿಟಾರ್ ಮತ್ತು ಬೇಸ್ ಆಂಪ್ ಬೇಡ. ಡಿಐ ಮೂಲಕ, ಅಂದರೆ ಆಂಪ್ ಇಲ್ಲದೆ ಸಿಗ್ನಲ್ ಕೊಡುವ ಡಬ್ಬಿಯ ಮೂಲಕ, ನೇರ ಹೆಡ್‌ಫೋನ್‌ಗೆ ಬರಲಿ, ಇಲ್ಲಾಂದರೆ ಆಂಪ್ ಸದ್ದು ನಿನ್ನ ಮೈಕ್‌ಗಳಿಗೆಲ್ಲ ನುಗ್ಗುತ್ತದೆ. ಡಿಐ ಸಿಗ್ನಲ್ ಉಳಿಸಿಕೊಂಡರೆ ಬಾರಿಸಿದ್ದು ಚೆನ್ನಾಗಿ ಬಂದಾಗ ಅದನ್ನೇ ಆಮೇಲೆ ಆಂಪ್‌ಗೆ ಕಳಿಸಿ ಮೈಕ್ ಇಟ್ಟು ಹಿಡಿಯಬಹುದು. ಹಾಡುವವನು ಸುಮ್ನೆ ದಾರಿಗೆ ಹಾಡಲಿ, ಅವನ ಟ್ರ್ಯಾಕ್ ಆಮೇಲೆ ಬೇರೆ.

ಕ್ಲಿಕ್ ಬೇಕೇ ಬೇಕು ಅಂದರೆ ಟೆಂಪೋ ಮ್ಯಾಪ್ ಮಾಡಿ, ಹಾಡಿನ ವೇಗದ ಏರಿಳಿತದ ನಕ್ಷೆ ಅದು. ಡೆಮೊವನ್ನು ಸಾಫ್ಟ್‌ವೇರ್‌ಗೆ ಹಾಕಿ ಬಾರ್‌ಗಳನ್ನು (ತಾಳದ ಆವರ್ತಗಳನ್ನು) ಗುರುತು ಮಾಡಿದರೆ ಕ್ಲಿಕ್ಕೇ ನಿನ್ನ ಹಿಂದೆ ಬರುತ್ತದೆ. 138, 142, 135, 146, ನಿನ್ನ ಹತ್ತಿರ ನಂಬರ್ ಆಗಲೇ ಇವೆ.

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಡ್ರಮ್ಸ್ ಬದಲಾದರೆ ಅದರ ಮೇಲೆ ಕೂತದ್ದೆಲ್ಲ ಬದಲಾಗಬೇಕು. ಬೇಸ್, ಗಿಟಾರ್, ಹಾಡು ಎಲ್ಲ 138ಕ್ಕೆ ಅಂಟಿಕೊಂಡಿವೆ. ಅದಕ್ಕೇ ಒಂಬತ್ತು ಬೇಡ ಅಂದದ್ದು.

ಆರನೇ ಹಾಡಿನ ಟಿಕ್ ಟಿಕ್‌ಗೆ ಸುಲಭ ದಾರಿ: ಬೇರೆ ಟೇಕ್‌ಗಳಲ್ಲಿ (ಬೇರೆ ಸಲ ಹೊಡೆದು ಹಿಡಿದದ್ದರಲ್ಲಿ) ಅದೇ ಸಿಂಬಲ್ ಒಂಟಿಯಾಗಿ ಇಳಿದಿರುವ ಜಾಗ ಹುಡುಕಿ ಬಾಲ ಅಂಟಿಸಿ. ಸಿಗದಿದ್ದರೆ ಒಂದು ನಿಮಿಷ ಕೂತು ಬರೀ ಆ ಸಿಂಬಲ್ ಹೊಡೆದು ಹಿಡಿದುಕೋ, ಕಿಟ್ ಮತ್ತು ಮೈಕ್ ಅದೇ ಜಾಗದಲ್ಲಿ ಇರಬೇಕು. ಮುಂದಿನ ಸಲ ಕೊನೆಯ ಪೆಟ್ಟು ಬಿದ್ದ ಕೂಡಲೇ ಕ್ಲಿಕ್ ನಿಲ್ಲುವ ಹಾಗೆ ಹಾಕಿಸು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತಗೋ.

ಪೆಡಲ್ ಕಿರ್ರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಲೆಡ್ ಜೆಪ್ಪೆಲಿನ್‌ನ 1970ರ ಮೂರನೇ ಆಲ್ಬಂನಲ್ಲಿ ಒಂದು ನಿಧಾನದ ಬ್ಲೂಸ್ ಹಾಡಿದೆ. ಅವರ ಡ್ರಮ್ಸ್‌ನವ ಜಾನ್ ಬೋನಂ ಪೆಡಲ್ ಉದ್ದಕ್ಕೂ ಕಿರುಗುಟ್ಟುವುದು ಕೇಳುತ್ತದೆ. ಅದರಿಂದ ಆ ಹಾಡಿಗೆ ಏನೂ ಕಮ್ಮಿ ಆಗಿಲ್ಲ. ಎಣ್ಣೆ ಮಾತ್ರ ಹಾಕು.

ದಪ್ಪ ತಂತಿ:

ನಾನು ಬೇಸ್ ಬಾರಿಸುವವಳು, ಹಾಗಾಗಿ ಬೇಸ್‌ನವನ ಪರವಾಗಿ ಎರಡು ಮಾತು. ಅವನು ಸೋಮಾರಿ ಅಲ್ಲ. ಡ್ರಮ್ಸ್ ಮತ್ತೆ ಅಂದರೆ ಮೊದಲು ಹೋಗುವುದು ಅವನ ಕೆಲಸ. ಗಿಟಾರ್ ಒಂದು ಚೂರು ಆಚೀಚೆ ಆದರೆ ದಪ್ಪ ಆಯಿತು ಅಂತಾರೆ. ಬೇಸ್ ಕಿಕ್‌ಗಿಂತ ಚೂರು ಮುಂಚೆ ಬಿದ್ದರೆ ಇಡೀ ಹಾಡು ಎಡವುತ್ತದೆ.

ನಮ್ಮ ಬ್ಯಾಂಡ್‌ನಲ್ಲಿ ಇದೇ ಆಗಿತ್ತು. ನಾವು ಮಾತ್ರ ಪೂರ್ತಿ ಆಲ್ಬಂ ಮತ್ತೆ ಮಾಡಲು ಹೊರಟೆವು. ಮೂರನೇ ತಿಂಗಳಿಗೆ ಯಾರೂ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಡ್ರಮ್ಸ್‌ನವನು ಕಿಟ್ ತೆಗೆದುಕೊಂಡು ಹೋಗಲು ಬಂದಾಗ ನಾನೇ ಬಾಗಿಲಲ್ಲಿ ನಿಂತು ಟೀ ಕುಡಿದು ಹೋಗು ಅಂತ ತಡೆದೆ. ಆಲ್ಬಂ ಬಂತು, ಆದರೆ ಎರಡು ವರ್ಷ ತಡವಾಗಿ. ಅಷ್ಟರಲ್ಲಿ ನಮಗೇ ಆ ಹಾಡುಗಳು ಬೇಜಾರಾಗಿದ್ದವು.

ನಿನಗೆ ಹೇಳಬೇಕು ಅಂದುಕೊಂಡದ್ದು ಇದಲ್ಲ. ಆಲ್ಬಂ ಬಂದ ಮೇಲೆ ಒಂದು ದಿನ ಹೆಡ್‌ಫೋನ್ ಹಾಕಿ ಕೇಳುತ್ತಿದ್ದೆ. ಮೊದಲನೇ ಕೋರಸ್‌ನ ಮೂರನೇ ಬಾರ್‌ನಲ್ಲಿ ನನ್ನ ಬೆರಳು ತಂತಿ ಮೇಲೆ ಜಾರಿದ ಸದ್ದು ಬರುತ್ತದೆ, ಚುಂಯ್ ಅಂತ. ಎರಡನೇ ಕೋರಸ್, ಮೂರನೇ ಬಾರ್, ಅದೇ ಚುಂಯ್. ಕೊನೆಯ ಕೋರಸ್‌ನಲ್ಲೂ ಅದೇ. ಒಂದೇ ಬೆರಳು ಮೂರು ಸಲ ಒಂದೇ ಥರ ಜಾರಲು ಸಾಧ್ಯವಾ? ಸ್ಟುಡಿಯೋದವರು ಒಂದು ಕೋರಸ್ ಸರಿ ಮಾಡಿ ಉಳಿದೆರಡು ಕಡೆ ಅದನ್ನೇ ಅಂಟಿಸಿದ್ದರು. ನಮಗೆ ಯಾರೂ ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಕ್ಲಿಕ್‌ಗೆ ಹೊಡೆದರೆ ಹೀಗೆ ಅಂಟಿಸುವುದು ಸುಲಭ. ಎಲ್ಲ ಕೋರಸ್ ಒಂದೇ ಅಳತೆ ತಾನೆ. ನಿಮ್ಮ ಮೂರನೇ ಹಾಡಿನ ಕೊನೆಯ ಕೋರಸ್ ಏರುತ್ತಿಲ್ಲ ಅಂದಾಗ ನನಗೆ ಮೊದಲು ಬಂದ ಅನುಮಾನ ಇದು. ಮಿಕ್ಸ್ ಬೇಡ, ಡ್ರಮ್ಸ್ ಟ್ರ್ಯಾಕ್ ಮಾತ್ರ ಕಳಿಸಿ ಅಂತ ಕೇಳಿ ನೋಡು.

ಹಳೇ ಟೇಪು ಸರ್ ಹೇಳಿದ ಮುಖ ನೋಡುವ ಮಾತು ಅಕ್ಷರಶಃ ನಿಜ. ಆದರೆ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮೇಲೆ ನಿಂತ ಭಾರದ ಹಾಡುಗಳಿಗೆ ಕ್ಲಿಕ್ ಒಳ್ಳೆಯದೇ. ಅಲ್ಲಿ ಏರಿಳಿತ ಬಂದರೆ ಭಾರ ಹೋಗಿ ಬರೀ ಗಡಿಬಿಡಿ ಉಳಿಯುತ್ತದೆ.

ಮಧ್ಯರಾತ್ರಿ ಅಪ್‌ಲೋಡ್:

ಬಾರಿಸುವುದು ನನಗೆ ಬರಲ್ಲ. ಗೆಳೆಯರ ಬ್ಯಾಂಡ್‌ಗಳ ರಿಲೀಸ್ ಕೆಲಸ ನೋಡಿಕೊಳ್ಳುತ್ತೇನೆ. ನಿನ್ನ ಕೊನೆಯ ಪ್ರಶ್ನೆಗೆ ಉತ್ತರ.

ಒಂದೊಂದೇ ಬಿಟ್ಟರೆ ಆಲ್ಬಂ ಹಾಳಾಗುತ್ತದೆ ಅನ್ನುವವರು ಇದ್ದಾರೆ. ಬೀಟಲ್ಸ್ ಮೊದಲ ಆಲ್ಬಂನ 14 ಹಾಡಲ್ಲಿ 4 ಆಗಲೇ ಸಿಂಗಲ್‌ಗಳಲ್ಲಿ ಬಂದಿದ್ದವು. ಉಳಿದ 10 ಹಾಡನ್ನು 1963ರ ಫೆಬ್ರವರಿ 11ರಂದು ಒಂದೇ ದಿನ ಕೂತು ರೆಕಾರ್ಡ್ ಮಾಡಿದರು. ನಾಲ್ವರೂ ಒಂದೇ ಕೋಣೆಯಲ್ಲಿ, ಅದನ್ನೂ ಹೇಳಿಬಿಡುತ್ತೇನೆ. ನಿಮಗೆ ಹತ್ತು ವಾರ ಇದೆ, ಒಂಬತ್ತರಲ್ಲಿ ಕೆಲವು ಹಾಡು ಮುಗಿದೇ ಇವೆ. ಮುಗಿದವುಗಳಲ್ಲಿ ಎರಡನ್ನು ಸಿಂಗಲ್ ಮಾಡಿ ಮೊದಲು ಬಿಡಿ. ಅಷ್ಟರಲ್ಲಿ ಉಳಿದದ್ದು ರೆಡಿ ಆಗುತ್ತದೆ.

ಸಿಂಗಲ್ ಅಪ್‌ಲೋಡ್ ಮಾಡುವಾಗ ಸಿಗುವ ಐಎಸ್‌ಆರ್‌ಸಿ ನಂಬರ್ ಬರೆದಿಟ್ಟುಕೊಳ್ಳಿ, ಪ್ರತಿ ರೆಕಾರ್ಡಿಂಗ್ ಗುರುತಿಸುವ 12 ಅಕ್ಷರ-ಅಂಕಿಗಳ ಕೋಡ್ ಅದು. ಆಲ್ಬಂ ಹಾಕುವಾಗ ಅದೇ ರೆಕಾರ್ಡಿಂಗ್‌ಗೆ ಅದೇ ನಂಬರ್ ಕೊಡಬೇಕು. ಹೊಸದು ಕೊಟ್ಟರೆ ಎರಡು ಬೇರೆ ಹಾಡು ಅಂತ ಲೆಕ್ಕ ಆಗಿ, ಕೇಳಿದವರ ಎಣಿಕೆ ಹಂಚಿಹೋಗುತ್ತದೆ. ಸಿಂಗಲ್ ಬಂದ ಮೇಲೆ ಡ್ರಮ್ಸ್ ಬದಲಿಸಿ ಆಲ್ಬಂಗೆ ಹಾಕಿದರೆ ಅದು ಹೊಸ ರೆಕಾರ್ಡಿಂಗ್, ಆಗ ಹೊಸ ನಂಬರ್. ಅದಕ್ಕೇ ಅನುಮಾನ ಇಲ್ಲದ ಹಾಡನ್ನೇ ಸಿಂಗಲ್ ಮಾಡಿ.

ಸ್ಪಾಟಿಫೈ ಪ್ಲೇಲಿಸ್ಟ್‌ನವರಿಗೆ ಹಾಡು ತೋರಿಸಲು ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಕಳಿಸಬೇಕು. ಅದನ್ನು ನಂಬಿ ಏಳನೇ ದಿನ ಅಪ್‌ಲೋಡ್ ಮಾಡಬೇಡಿ. ಕವರ್ ಚಿತ್ರದಲ್ಲಿ ಒಂದು ಅಕ್ಷರ ತಪ್ಪಿದ್ದರೂ ವಾಪಸ್ ಕಳಿಸುತ್ತಾರೆ. ನಾನು ನಾಲ್ಕು ವಾರ ಇಟ್ಟುಕೊಳ್ಳುತ್ತೇನೆ.

ಮಾಸ್ಟರಿಂಗ್‌ಗೆ ಕಳಿಸುವಾಗ "ಇನ್ನೂ ಜೋರು, ಇನ್ನೂ ಜೋರು" ಅನ್ನಬೇಡಿ. ಸ್ಪಾಟಿಫೈ ಮಾಮೂಲಾಗಿ ಎಲ್ಲವನ್ನೂ -14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಹತ್ತಿರಕ್ಕೆ ತಂದು ಕೇಳಿಸುತ್ತದೆ. ಜಾಸ್ತಿ ಜೋರಿದ್ದರೆ ಇಳಿಸುತ್ತದೆ. ಆಗ ಉಳಿಯುವುದು ಅದುಮಿಸಿಕೊಂಡ ಡ್ರಮ್ಸ್ ಮಾತ್ರ. 2008ರಲ್ಲಿ ಮೆಟಾಲಿಕಾ ಆಲ್ಬಂಗೆ ಅಭಿಮಾನಿಗಳೇ ಗಲಾಟೆ ಮಾಡಿದ್ದು ಇದಕ್ಕೇ. ಅವೇ ಹಾಡುಗಳು ಗಿಟಾರ್ ಹೀರೋ ಗೇಮ್‌ನಲ್ಲಿ ಅಷ್ಟು ಅದುಮಿಸಿಕೊಳ್ಳದೆ ಬಂದಿದ್ದವು, ಸಿಡಿಗಿಂತ ಗೇಮ್‌ನದ್ದೇ ಚೆನ್ನಾಗಿದೆ ಅಂದರು.

ಹಾಡು ಬರೆದವರು ಯಾರು, ಯಾರಿಗೆ ಎಷ್ಟು ಪಾಲು ಅನ್ನೋದು ಕಾಗದದಲ್ಲಿ ಇದೆಯಾ? ಇಲ್ಲದಿದ್ದರೆ ಈ ವಾರವೇ ಕೂತು ಬರೆಯಿರಿ. ಇನ್ನೂ ನಾಲ್ವರೂ ಮಾತಾಡುತ್ತಿದ್ದೀರಲ್ಲ, ಅದಕ್ಕೆ ಹೇಳಿದೆ.

ನಾಲ್ಕನೇ ಪೆಟ್ಟು:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಪಕ್ಕದ ಕೋಣೆ ಪರೀಕ್ಷೆ ಮಾಡಿದೆವು. ನಾಲ್ವರೂ ಬೇರೆ ಬೇರೆ ಚೀಟಿಯಲ್ಲಿ ಗೀಟು ಹಾಕಿದೆವು. ಆರು ಹಾಡಲ್ಲಿ ಸ್ಟುಡಿಯೋ ಗೆದ್ದಿತು. ನನಗೇ ನಾಚಿಕೆ ಆಯಿತು, ಐದನೇ ಹಾಡಿನ ಡೆಮೊ ಬಗ್ಗೆ ಅಷ್ಟು ಕೊಚ್ಚಿಕೊಂಡಿದ್ದೆ, ಜೋರು ಸಮ ಮಾಡಿ ಕೇಳಿದರೆ ಬರೀ ಗಲಾಟೆ. ಮೂರು, ಆರು, ಎಂಟು, ಈ ಮೂರರಲ್ಲಿ ಮಾತ್ರ ನಾಲ್ಕೂ ಚೀಟಿ ಡೆಮೊ ಅಂದವು.

ದಪ್ಪ ತಂತಿ ಅಕ್ಕಾ, ನಿಮ್ಮ ಅನುಮಾನ ನಿಜ. ಮೂರನೇ ಹಾಡಿನ ಡ್ರಮ್ಸ್ ಮಾತ್ರ ತರಿಸಿಕೊಂಡು ಕೇಳಿದೆ. ಮೊದಲ ಕೋರಸ್‌ನಲ್ಲಿ ನನ್ನ ಸ್ಟಿಕ್ ಸ್ನೇರ್‌ನ ಅಂಚಿಗೆ ತಾಗಿ ಟಕ್ ಅಂತ ಒಂದು ಸದ್ದಿದೆ. ಕೊನೆಯ ಕೋರಸ್‌ನಲ್ಲಿ ಅದೇ ಜಾಗದಲ್ಲಿ ಅದೇ ಟಕ್. ನಾನು ಕೊನೆಯ ಕೋರಸ್‌ನಲ್ಲಿ ಹೈ-ಹ್ಯಾಟ್ ಬಿಟ್ಟು ದೊಡ್ಡ ಕ್ರ್ಯಾಶ್ ಸಿಂಬಲ್ ಮೇಲೇ ಹೊಡೆಯುತ್ತೇನೆ, ಎರಡು ವರ್ಷದಿಂದ ಪ್ರತಿ ಶೋನಲ್ಲೂ. ಅದು ಇಲ್ಲವೇ ಇಲ್ಲ! ಇಷ್ಟು ದಿನ ಕೇಳಿಯೂ ನನಗೇ ಗೊತ್ತಾಗಿರಲಿಲ್ಲ. ಕೇಳಿದ್ದಕ್ಕೆ ಇಂಜಿನಿಯರ್ "ಆ ಟೇಕ್‌ನಲ್ಲಿ ಕ್ಲಿಕ್‌ಗಿಂತ ಮುಂದೆ ಓಡಿದ್ದೆ, ಅದಕ್ಕೆ ಬದಲಿಸಿದೆ" ಅಂದರು. ಮುಂದೆ ಓಡಿದ್ದೇ ಬೇಕಿತ್ತು ಸಾರ್ ಅಂದೆ.

ಹೋದ ಶನಿವಾರ ನಾಲ್ವರೂ ಒಂದೇ ಕೋಣೆಯಲ್ಲಿ ನಿಂತೆವು. ಎಂಟನೆಯದಕ್ಕೆ ಟೆಂಪೋ ಮ್ಯಾಪ್ ಹಾಕಿದೆವು. ಅದಕ್ಕೆ ಅರ್ಧ ದಿನ ಹೋಯಿತು, ಆದರೆ ಬಂತು. ಮೂರನೆಯದಕ್ಕೆ ಕ್ಲಿಕ್ ಇಲ್ಲ. ಮೊದಲ ಎರಡು ಟೇಕ್ ಭಯದಿಂದ ಬಿಗಿ. ಮೂರನೆಯದರಲ್ಲಿ ಗಿಟಾರ್ ಶ್ರುತಿ ಹೋಯಿತು. ನಾಲ್ಕನೆಯದರಲ್ಲಿ ಕೊನೆಯ ಕೋರಸ್‌ಗೆ ಮುಂಚೆ ಬೇಸ್‌ನವನು, ಯಾವತ್ತೂ ಯಾರ ಕಡೆಯೂ ನೋಡದವನು, ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಮುಗಿದಾಗ ಸಿಂಬಲ್ ಸದ್ದು ಇಳಿಯುವ ತನಕ ಯಾರೂ ಉಸಿರಾಡಲಿಲ್ಲ. ಆಮೇಲೆ ಅವನೇ ಹೇಳಿದ, "ಇನ್ನೊಂದು ಸಲ ಹಾಕಿ, ಕೇಳೋಣ." ಮನೆಗೆ ಬಂದು ಅಳೆದೆ. ಕೊನೆಯ ಕೋರಸ್ 145.

ಆರನೆಯದರಲ್ಲಿ ಕ್ಲಿಕ್ ಇಲ್ಲ, ಟಿಕ್ ಟಿಕ್ ಇಲ್ಲ, ಹಾಡು ಮಾತ್ರ ಇಪ್ಪತ್ತು ಸೆಕೆಂಡ್ ಉದ್ದ ಆಗಿದೆ. ಹಾಗೇ ಇರಲಿ ಅಂದೆವು. ತಾರೀಖು ಎರಡು ವಾರ ಮುಂದಕ್ಕೆ ಹೋಯಿತು. ಎರಡನೇ ಹಾಡು ಮೊದಲ ಸಿಂಗಲ್, ನಿನ್ನೆ ಅಪ್‌ಲೋಡ್ ಆಯಿತು, ಐಎಸ್‌ಆರ್‌ಸಿ ನಂಬರ್ ಪ್ರಾಕ್ಟೀಸ್ ಕೋಣೆಯ ಗೋಡೆ ಮೇಲೇ ಬರೆದಿದ್ದೇವೆ. ಪಾಲಿನ ಕಾಗದವೂ ಆಯಿತು, ನಾಲ್ಕು ಸಮ ಭಾಗ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಹಾಡುವವನು ಡೆಮೊದ ಕೆಮ್ಮನ್ನು ಮಾತ್ರ ಬ್ರಿಡ್ಜ್‌ನಲ್ಲಿ ಉಳಿಸಬೇಕು ಅಂತ ಹಠ ಹಿಡಿದಿದ್ದಾನೆ. ಅದು ಯಾರ ಕೆಮ್ಮು ಅಂತ ಕೇಳಿ ಕೇಳಿ ನೋಡಿದೆವು. ನನ್ನದೇ.

ಹಳೇ ಟೇಪು:

ಕೆಮ್ಮು ಬೇಡ. ಪೆಡಲ್‌ಗೆ ಎಣ್ಣೆ ಹಾಕಿದೆಯಾ?

ನಾಲ್ಕನೇ ಪೆಟ್ಟು:

ಹಾಕಿದೆ ಸಾರ್. ಈಗ ಪೆಡಲ್ ಸುಮ್ಮನಿದೆ, ನಾನು ಕೂರುವ ಸ್ಟೂಲ್ ಕಿರ್ರ್ ಅನ್ನುತ್ತಿದೆ. ಆರನೇ ಹಾಡಲ್ಲಿ ಚೆನ್ನಾಗಿ ಕೇಳುತ್ತದೆ.